ಮೂರನೆಯ ಪ್ರಶ್ನೆ

ತಮ್ಮನ ಸಂಸಾರ ಈ ಸಲ ಮಲಾವಿಯಿಂದ ರಜೆಗೆ ಬರುತ್ತದೆ ಎಂದಾಗ ನನಗೆ ಮೊದಲು ಆದದ್ದು ಸಂತೋಷವಲ್ಲ, ಸುಸ್ತು. ಮಲಾವಿ ಆಫ್ರಿಕಾದ ಒಂದು ಪುಟ್ಟ ದೇಶ. ಅಲ್ಲಿನ ಒಂದು ಮಿಷನ್ ಶಾಲೆಯಲ್ಲಿ ತಮ್ಮ ಮೇಷ್ಟ್ರು, ಅವನ ಹೆಂಡತಿ ಪಕ್ಕದ ಆಸ್ಪತ್ರೆಯಲ್ಲಿ ನರ್ಸು. ಅವರಿಗಿಂತ ಮುಂಚೆ ಅದೇ ಊರಿನಲ್ಲಿ ಅದೇ ಎರಡು ಕೆಲಸವನ್ನು ನಮ್ಮ ಅಪ್ಪ ಅಮ್ಮ ಮಾಡಿದ್ದರು. ನಾನು ನಾಲ್ಕು ವರ್ಷದವಳಿದ್ದಾಗ ಮಂಡಿಕಲ್ಲಿನಿಂದ ಹೊರಟ ಅಪ್ಪ ಈಗ ಅಲ್ಲಿನ ಮಣ್ಣಿನಲ್ಲೇ ಮಲಗಿದ್ದಾರೆ. ಅಮ್ಮ ಒಬ್ಬರೇ ವಾಪಸು ಬಂದು ಚಿಕ್ಕಬಳ್ಳಾಪುರದಲ್ಲಿ ನನ್ನ ಜೊತೆ ಇದ್ದಾರೆ. ನಾನು ದಿನಾ ಬಸ್ಸು ಹಿಡಿದು ಶಿಡ್ಲಘಟ್ಟಕ್ಕೆ ಹೋಗಿ ಹೈಸ್ಕೂಲು ಮಕ್ಕಳಿಗೆ ವಿಜ್ಞಾನ ಹೇಳಿಕೊಟ್ಟು ಬರುತ್ತೇನೆ. ಮದುವೆ ಆಗಲಿಲ್ಲ. ಯಾಕೆ ಅಂತ ಕೇಳುವವರೂ ಈಗ ಕೇಳಿ ಕೇಳಿ ದಣಿದಿದ್ದಾರೆ.

ರಜೆ ಅಂತ ಹೆಸರಷ್ಟೆ. ಮೂರು ವರ್ಷಕ್ಕೊಮ್ಮೆ ನಾಲ್ಕು ತಿಂಗಳು ಊರಿಗೆ ಕಳಿಸುತ್ತಾರೆ. ಆ ನಾಲ್ಕು ತಿಂಗಳೂ ಪ್ರತಿ ಭಾನುವಾರ ಒಂದೊಂದು ಸಭೆಗೆ, ಅಂದರೆ ಒಂದೊಂದು ಊರಿನ ಚರ್ಚಿಗೆ ಹೋಗಬೇಕು. ಆರಾಧನೆ ಮುಗಿದ ಮೇಲೆ ಇಡೀ ಸಂಸಾರ ಮುಂದೆ ನಿಲ್ಲಬೇಕು. ಗಂಡ ಕೆಲಸದ ವಿಷಯ ಹೇಳುತ್ತಾನೆ, ಹೆಂಡತಿ ದೇವರು ತಮ್ಮನ್ನು ಹೇಗೆ ನಡೆಸಿದ ಅಂತ ಸಾಕ್ಷಿ ಹೇಳುತ್ತಾಳೆ, ಮಕ್ಕಳು ಅಲ್ಲಿನ ಬಟ್ಟೆ ಸುತ್ತಿಕೊಂಡು ಅಲ್ಲಿನ ಭಾಷೆಯ ಒಂದು ಹಾಡು ಹಾಡುತ್ತಾರೆ. ಆಮೇಲೆ ಊಟ. ಊಟಕ್ಕೆ ಕೂತಾಗ ಸಭೆಯ ಹಿರಿಯರು ಮಕ್ಕಳ ಪಕ್ಕ ಬಂದು ಕೂತು ಪ್ರಶ್ನೆ ಕೇಳುತ್ತಾರೆ. ನಾನು ಇದನ್ನೆಲ್ಲ ಮೂರು ರಜೆಗಳಲ್ಲಿ ಮಾಡಿ ಮುಗಿಸಿದವಳು. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಎಂದರೆ ಬೇರೆಯವರಿಗೆ ನಾಲ್ಕು ತಾಲ್ಲೂಕು. ನನಗೆ ಮಾತ್ರ ಅವು ನಾಲ್ಕು ವೇದಿಕೆ.

ಬರುವುದಕ್ಕೆ ಎರಡು ತಿಂಗಳ ಮುಂಚೆ ತಮ್ಮ ವಾಟ್ಸಾಪಿನಲ್ಲಿ ಒಂದು ವಾಯ್ಸ್ ಮೆಸೇಜ್ ಕಳಿಸಿದ್ದ. ಮಗಳಿಗೆ ಹನ್ನೆರಡು ತುಂಬಿತು, ಎಂಟನೇ ಕ್ಲಾಸಿನಿಂದ ಊರಲ್ಲೇ ಓದಲಿ, ನಿನ್ನ ಹತ್ತಿರ ಬಿಟ್ಟು ಹೋಗಣ ಅಂತಿದೀವಿ ಅಕ್ಕ, ನೀನೇನಂತೀಯ ಅಂತ. ಶಿಡ್ಲಘಟ್ಟದ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಅದನ್ನು ಎರಡು ಸಲ ಕೇಳಿದೆ. ನನ್ನನ್ನು ಬಿಟ್ಟು ಹೋದಾಗ ನನಗೆ ಹದಿಮೂರು. ಮಿಷನ್ನಿನವರ ಮಕ್ಕಳನ್ನು ಆ ವಯಸ್ಸಿಗೆ ಊರಲ್ಲಿ ಬಿಡುವುದು ಆಗಿನ ವಾಡಿಕೆ. ವಾಡಿಕೆ ಇನ್ನೂ ಬಿಟ್ಟಿಲ್ಲ ಅಂತ ಆಯಿತು. ನನಗೆ ಕೋಪ ಬರಬೇಕಿತ್ತು. ನಿಜ ಹೇಳುತ್ತೇನೆ, ಕೋಪ ಬರಲಿಲ್ಲ. ಬರಲಿ, ನೋಡಣ ಅಂತ ಬರೆದೆ. ಅದೇ ಶನಿವಾರ ಬಜಾರಿಗೆ ಹೋಗಿ ಓದುವ ಮೇಜೊಂದನ್ನು ಕೊಂಡು, ಆಟೋದಲ್ಲಿ ಹಾಕಿಸಿಕೊಂಡು ಬಂದು, ಮುಂದಿನ ಕೋಣೆಯ ಕಿಟಕಿಗೆ ಸರಿಯಾಗಿ ಇಟ್ಟೆ. ಅಮ್ಮ ಮೇಜನ್ನೂ ನನ್ನನ್ನೂ ಒಂದು ಸಲ ನೋಡಿದರು.

ಆ ಪ್ರಶ್ನೆಗಳ ವಿಷಯ ಹೇಳಬೇಕು. ಯಾವ ಊರಿಗೆ ಹೋದರೂ ಹಿರಿಯರು ಮಕ್ಕಳನ್ನು ಕೇಳುತ್ತಿದ್ದದ್ದು ಮೂರೇ ಪ್ರಶ್ನೆ. ಅಮ್ಮ ಬಸ್ಸಿನಲ್ಲಿ ಹೋಗುವಾಗ ನಮ್ಮಿಬ್ಬರಿಗೂ ಉತ್ತರ ಗಿಣಿಪಾಠ ಮಾಡಿಸುತ್ತಿದ್ದರು. ಅಲ್ಲಿ ಊಟಕ್ಕೆ ಏನು ತಿಂತೀರ ಅನ್ನುವುದು ಮೊದಲನೆಯದು. ಮೆಕ್ಕೆಜೋಳದ ಮುದ್ದೆ, ನಮ್ಮ ರಾಗಿಮುದ್ದೆ ಥರಾನೇ ಅನ್ನಬೇಕು. ಕಾಡುಪ್ರಾಣಿಗಳ ಭಯ ಇಲ್ಲವಾ ಅನ್ನುವುದು ಎರಡನೆಯದು. ಇಲ್ಲ, ಕರ್ತರು ಕಾಪಾಡ್ತಾರೆ ಅನ್ನಬೇಕು, ಸಭೆಯಲ್ಲಿ ದೇವರಿಗೆ ಹಾಗೇ ಅನ್ನುವುದು. ನಾನು ಸಿಂಹ ಅಂತ ನೋಡಿದ್ದು ಬನ್ನೇರುಘಟ್ಟದಲ್ಲಿ. ಮಲಾವಿಯಲ್ಲಿ ನಮ್ಮ ಮನೆಗೆ ನುಗ್ಗುತ್ತಿದ್ದ ಪ್ರಾಣಿ ಅಂದರೆ ಪಕ್ಕದ ಮನೆಯ ಮೇಕೆ. ಆದರೂ ಹಿರಿಯರ ಮುಖ ನೋಡಿದರೆ ಮೇಕೆ ಅನ್ನಲು ಮನಸ್ಸು ಬರುತ್ತಿರಲಿಲ್ಲ.

ಮೂರನೆಯದು ಕಷ್ಟದ್ದು. ನಿಮಗೆ ಆ ಊರು ಇಷ್ಟಾನಾ, ಈ ಊರು ಇಷ್ಟಾನಾ? ಆ ಊರು ಅಂದರೆ ಇಲ್ಲಿನವರಿಗೆ ಬೇಜಾರು. ಈ ಊರು ಅಂದರೆ, ಅಯ್ಯೋ ಮಕ್ಕಳು ಅಲ್ಲಿ ಒದ್ದಾಡ್ತಿವೆ, ಅಪ್ಪ ಅಮ್ಮನಿಗೆ ಕರುಣೆ ಇಲ್ಲ ಅಂತ ಮಾತು ಬರುತ್ತದೆ. ಅದಕ್ಕೆ ಅಮ್ಮ ಎರಡು ಕಡೆಗೂ ನೋವಾಗದ ಹಾಗೆ ಒಂದು ವಾಕ್ಯ ಮಾಡಿಕೊಟ್ಟಿದ್ದರು. ಕರ್ತರು ಎಲ್ಲಿ ಇಡ್ತಾರೋ ಅಲ್ಲಿ ಸಂತೋಷವಾಗಿ ಇರ್ತೀನಿ. ಹೇಳಿದ ಕೂಡಲೇ ಹಿರಿಯರು ತಲೆಯ ಮೇಲೆ ಕೈ ಇಟ್ಟು ಸ್ತೋತ್ರ ಅನ್ನುತ್ತಿದ್ದರು, ಪಾಯಸ ಇನ್ನೊಂದು ಸೌಟು ಬೀಳುತ್ತಿತ್ತು.

ದೊಡ್ಡವರಿಗೂ ಸಾಕಾಗಿಹೋಗಿತ್ತು ಅಂತ ನನಗೆ ಗೊತ್ತಾದದ್ದು ಗೌರಿಬಿದನೂರಿನಲ್ಲಿ. ಒಂದು ಭಾನುವಾರ ನಾನೂ ತಮ್ಮನೂ ಹಾಡಬೇಕಾದ ಸ್ತುತಿಗೀತೆ ಬಿಟ್ಟು, ಮಲಾವಿಯ ಸಂತೆಯಲ್ಲಿ ಒಣಮೀನು ಮಾರುವ ಹೆಂಗಸರು ಕೂಗುವ ಹಾಡು ಹಾಡಿಬಿಟ್ಟೆವು. ತಮ್ಮನ ಐಡಿಯಾ, ಅವನಿಗಾಗ ಆರು ವರ್ಷ. ಮೀನು ಚೆನ್ನಾಗಿ ಒಣಗಿದೆ, ಕಲ್ಲಿಲ್ಲ ಮಣ್ಣಿಲ್ಲ, ಬನ್ನಿ ಅಮ್ಮಂದಿರೇ ಅಂತ ಅದರ ಅರ್ಥ. ಮುಂದಿನ ಸಾಲಿನ ಅಜ್ಜಿಯೊಬ್ಬರು ಸೆರಗಿನಲ್ಲಿ ಕಣ್ಣು ಒರೆಸಿಕೊಂಡರು. ಆ ಸಭೆಯ ಪಾದ್ರಿ ಅಯ್ಯನವರು ಹಾಡಿನ ಅರ್ಥ ಹೇಳಿ ಎಂದರು. ಅಪ್ಪ, ಜೀವನದಲ್ಲಿ ಒಂದು ಸುಳ್ಳೂ ಹೇಳದ ಮನುಷ್ಯ, ಗಂಟಲು ಸರಿಮಾಡಿಕೊಂಡು, ದೇವರು ನಮ್ಮ ಎಲ್ಲ ಕೊರತೆ ನೀಗಿಸುತ್ತಾನೆ ಅಂತ ಅರ್ಥ ಎಂದರು. ಬಸ್ಸಿನಲ್ಲಿ ಬೈತಾರೆ ಅಂತ ಕಾದೆವು. ಬೈಯಲಿಲ್ಲ. ಮಂಚೇನಹಳ್ಳಿ ದಾಟುವ ಹೊತ್ತಿಗೆ ಮುಂದಿನ ಸೀಟಿನ ಕಂಬಿಗೆ ಹಣೆ ಆನಿಸಿ ನಿದ್ದೆ ಹೋಗಿದ್ದರು.

ನನ್ನನ್ನು ಬಿಟ್ಟು ಹೋದದ್ದು ಮೂರನೆಯ ರಜೆಯಲ್ಲಿ. ಚಿಂತಾಮಣಿಯಲ್ಲಿ ಅಮ್ಮನ ಅಕ್ಕ, ನಮ್ಮ ದೊಡ್ಡಮ್ಮನ ಮನೆಯಲ್ಲಿ ಇದ್ದೆವು. ಆ ವಾರ ಮನೆ ಪ್ರಾರ್ಥನೆಗಳೂ ಸೇರಿ ನಾವು ನಾಲ್ಕು ಕಡೆ ನಿಂತು ಹಾಡಿದ್ದೆವು, ಕೊನೆಯದು ಕೆಂಚಾರ್ಲಹಳ್ಳಿಯ ಕಡೆ, ರೇಷ್ಮೆ ಸಾಕುವ ಒಬ್ಬರ ಮನೆಯ ಪ್ರಾರ್ಥನೆಯಲ್ಲಿ. ಮಧ್ಯಾಹ್ನ ಅಮ್ಮ ನನ್ನನ್ನು ಹಜಾರದ ಮೆಟ್ಟಿಲ ಮೇಲೆ ಕೂರಿಸಿಕೊಂಡು ತಲೆ ಬಾಚುತ್ತಿದ್ದರು. ಒಂದು ಜಡೆ ಮುಗಿದಿತ್ತು. ಎರಡನೆಯದಕ್ಕೆ ಕೂದಲು ಮೂರು ಭಾಗ ಮಾಡುತ್ತಾ, ಸ್ಕೂಲು ಮುಗಿಯೋವರೆಗೂ ಇಲ್ಲಿ ದೊಡ್ಡಮ್ಮನ ಹತ್ತಿರ ಇರ್ತೀಯೇನಮ್ಮ ಅಂತ ಕೇಳಿದರು.

ನನಗೆ ಆ ಕ್ಷಣ ಇಡಿಯಾಗಿ ನೆನಪಿದೆ. ಎದೆಯಲ್ಲಿ ಒಂದು ಮಾತಿತ್ತು. ಬಾಯಿಗೆ ಬಂದದ್ದು ಬೇರೆ. ವಾರದಲ್ಲಿ ನಾಲ್ಕು ಸಲ ಹೇಳಿ ಹೇಳಿ ನಾಲಿಗೆಯ ತುದಿಯಲ್ಲೇ ಇದ್ದ ವಾಕ್ಯ ಅದಾಗಿಯೇ ಜಾರಿತು. ಕರ್ತರು ಎಲ್ಲಿ ಇಡ್ತಾರೋ ಅಲ್ಲಿ ಸಂತೋಷವಾಗಿ ಇರ್ತೀನಿ. ಅಮ್ಮನ ಕೈ ನನ್ನ ಕೂದಲಲ್ಲಿ ಒಂದು ಗಳಿಗೆ ನಿಂತಿತು. ಆಮೇಲೆ ಸ್ತೋತ್ರ ಎಂದರು. ಎರಡನೇ ಜಡೆ ಹೆಣೆದು, ರಿಬ್ಬನ್ನು ಕಟ್ಟಿ, ಬಾಚಣಿಗೆಯಲ್ಲಿ ಸಿಕ್ಕಿದ್ದ ಕೂದಲು ಬಿಡಿಸಿ ಸುತ್ತಿ ಎಸೆದು ಒಳಗೆ ಹೋದರು. ಎರಡೇ ದಿನದಲ್ಲಿ ಶಾಲೆಗೆ ಸೇರಿಸಿದರು. ಜೂನಿನಲ್ಲಿ ತಮ್ಮನನ್ನು ಕರೆದುಕೊಂಡು ವಿಮಾನ ಹತ್ತಿದರು.

ಅಷ್ಟೆ. ಯಾರೂ ನನ್ನನ್ನು ಹೊಡೆದು ಬಡಿದು ಬಿಟ್ಟು ಹೋಗಲಿಲ್ಲ. ಕೇಳಿದರು, ನಾನು ಹೂಂ ಅಂದೆ. ಇಪ್ಪತ್ತಾರು ವರ್ಷ ನನ್ನನ್ನು ಕಾಡಿದ್ದು ಇದೇ. ಬೈಯೋಣ ಅಂದರೆ ಬೈಯುವುದಕ್ಕೆ ಒಬ್ಬರೂ ಸಿಗುವುದಿಲ್ಲ. ಒಳಗೊಳಗೇ ಮಾತ್ರ ಅಮ್ಮನ ಮೇಲಿನ ಕೋಪ ಆರಲೇ ಇಲ್ಲ. ಆ ವಾಕ್ಯ ಮಾಡಿಕೊಟ್ಟವರೇ ಅವರು. ಹದಿಮೂರರ ಹುಡುಗಿ ಅವರದೇ ವಾಕ್ಯವನ್ನು ಅವರಿಗೇ ಒಪ್ಪಿಸುತ್ತಿದ್ದಾಳೆ ಅಂತ ಅವರಿಗೆ ಗೊತ್ತಾಗಲಿಲ್ಲವೇ?

ದೊಡ್ಡಮ್ಮ ಒಳ್ಳೆಯವರು. ನನ್ನನ್ನು ತೆಲುಗಿನಲ್ಲಿ ಮಗುವನ್ನು ಕರೆಯುವ ಹಾಗೆ ಪಾಪ ಅಂತ ಕರೆಯುತ್ತಿದ್ದರು. ಅವರ ಮನೆಯಲ್ಲಿ ಕನ್ನಡದಲ್ಲಿ ಶುರುವಾದ ಮಾತು ತೆಲುಗಿನಲ್ಲಿ ಮುಗಿಯುತ್ತಿತ್ತು. ನನ್ನ ಕನ್ನಡ ಅಮ್ಮನ ಹತ್ತಿರ ಮಾತ್ರ ಆಡಿದ ಕನ್ನಡ, ಅರ್ಧ ಮಾತು ತಲೆಯ ಮೇಲೆ ಹಾರಿಹೋಗುತ್ತಿತ್ತು. ಮುದ್ದೆಯನ್ನು ಜಗಿದು ತಿಂದೆ. ಮಲಾವಿಯಲ್ಲಿ ಮೆಕ್ಕೆಜೋಳದ ಮುದ್ದೆಯನ್ನು ಬೆರಳಲ್ಲಿ ಉಂಡೆ ಮಾಡಿ ಜಗಿದೇ ತಿನ್ನುವುದು. ನಮ್ಮ ರಾಗಿಮುದ್ದೆ ಥರಾನೇ ಅಂತ ಎಷ್ಟು ಸಭೆಯಲ್ಲಿ ಹೇಳಿದ್ದೆನೋ, ನುಂಗುವುದು ಹೇಗೆ ಅಂತ ಒಬ್ಬರೂ ತೋರಿಸಿರಲಿಲ್ಲ. ಸುತ್ತ ಕೂತವರು ನಕ್ಕು ನಕ್ಕು ಸುಸ್ತಾದರು.

ಶಾಲೆಯಲ್ಲಿ ಇನ್ನೂ ಕೆಟ್ಟದಾಯಿತು. ಮಲಾವಿಯಲ್ಲಿ ಹೆಣ್ಣುಮಕ್ಕಳು ದೊಡ್ಡವರಿಗೆ ಏನಾದರೂ ಕೊಡುವಾಗ ಮಂಡಿಯೂರಿ ಕೊಡಬೇಕು. ನೀರು ಕೊಟ್ಟರೂ ಅಷ್ಟೆ, ಪುಸ್ತಕ ಕೊಟ್ಟರೂ ಅಷ್ಟೆ. ಅದು ಭಕ್ತಿಯಲ್ಲ, ನಾವು ಎಡಗೈಯಲ್ಲಿ ಕೊಡುವುದಿಲ್ಲವಲ್ಲ, ಹಾಗೆ. ಮೊದಲ ವಾರ ಮೇಷ್ಟ್ರು ಹೋಮ್‌ವರ್ಕ್ ನೋಟ್‌ಬುಕ್ ತಾ ಅಂದರು. ನಾನು ಹೋಗಿ ಮಂಡಿಯೂರಿ ಎರಡು ಕೈಯಲ್ಲಿ ಕೊಟ್ಟೆ. ಇಡೀ ಕ್ಲಾಸು ಬಿದ್ದು ಬಿದ್ದು ನಕ್ಕಿತು. ಮೇಷ್ಟ್ರು ಗಾಬರಿಯಾಗಿ ಏಳಮ್ಮ, ಏಳು, ಹೊಡೆಯಲ್ಲ ಎಂದರು. ಮನಸ್ಸಿಗೆ ಎಷ್ಟು ಬುದ್ಧಿ ಹೇಳಿದರೂ ಮಂಡಿಗೆ ತಿಳಿಯಲಿಲ್ಲ, ಆ ವರ್ಷವೆಲ್ಲ ಆಗಾಗ ಬಾಗುತ್ತಲೇ ಇತ್ತು. ವಾರಕ್ಕೊಮ್ಮೆ ಅಮ್ಮನ ಫೋನು. ನಾನು ಮಾತಾಡಿದ್ದು ಅಲ್ಲಿ ತಲುಪುವುದರೊಳಗೆ ಅವರು ಇನ್ನೊಂದು ಕೇಳಿರುತ್ತಿದ್ದರು. ಚೆನ್ನಾಗಿದೀಯಾ ಎಂದರೆ ಚೆನ್ನಾಗಿದೀನಿ. ಅದೂ ಗಿಣಿಪಾಠವೇ.

ಈ ಡಿಸೆಂಬರಿನಲ್ಲಿ ತಮ್ಮನ ಮಗಳು ನಮ್ಮ ಮನೆಗೆ ಕಾಲಿಟ್ಟ ದಿನ ಅಮ್ಮ ನೀರು ಕೇಳಿದರು. ಹುಡುಗಿ ಒಳಗಿನಿಂದ ಲೋಟ ತಂದು, ಜೀನ್ಸ್ ಹಾಕಿದ್ದ ಕಾಲು ಮಡಿಸಿ, ಮಂಡಿಯೂರಿ ಕೊಟ್ಟಳು. ನಾನು ಅಡುಗೆಮನೆಗೆ ಹೋಗಿ ಸುಮ್ಮನೆ ನಲ್ಲಿ ತಿರುಗಿಸಿಕೊಂಡು ನಿಂತೆ.

ಮತ್ತೆ ಅದೇ ಸುತ್ತಾಟ ಶುರುವಾಯಿತು. ಈಗ ಬಸ್ಸಲ್ಲ, ಬಾಡಿಗೆ ಕಾರು. ಫೋಟೋ ಬದಲು ಪ್ರೊಜೆಕ್ಟರು. ಹೊಸ ವರ್ಷದ ಮೊದಲ ಭಾನುವಾರ ಗೌರಿಬಿದನೂರಿಗೆ ನಾನೂ ಹೋದೆ. ಹುಡುಗಿ ಹಾಡಿದಳು, ನಿಜವಾದ ಸ್ತುತಿಗೀತೆಯನ್ನೇ. ಊಟದಲ್ಲಿ ಹಿರಿಯರೊಬ್ಬರು ಅವಳ ಪಕ್ಕ ಕೂತರು. ಊಟಕ್ಕೇನು, ಪ್ರಾಣಿಗಳ ಭಯ ಇಲ್ಲವಾ, ಎರಡೂ ಆಯಿತು. ಮೂರನೆಯದಕ್ಕೆ ನಾನು ಎಲೆಯಿಂದ ಕೈ ಎತ್ತಿ ಕಾದೆ.

"ಕರ್ತರು ಎಲ್ಲಿ ಇಡ್ತಾರೋ ಅಲ್ಲಿ ಹ್ಯಾಪಿಯಾಗಿ ಇರ್ತೀನಿ" ಎಂದಳು.

ಒಂದು ಪದ ಬದಲಾಗಿತ್ತು, ಅಷ್ಟೆ. ತಮ್ಮ ತನಗೆ ಗೊತ್ತಿದ್ದದ್ದನ್ನು ಮಗಳಿಗೆ ಕಲಿಸಿದ್ದ. ಅವನಿಗೆ ಅದರಿಂದ ಏನೂ ಆಗಿರಲಿಲ್ಲ. ಅವನನ್ನು ಯಾರೂ ಬಿಟ್ಟು ಹೋಗಿರಲಿಲ್ಲ, ನಾನು ಇಲ್ಲಿ ಒಬ್ಬಂಟಿಯಾಗಿದ್ದದ್ದು ನೋಡಿ ಅಮ್ಮ ಅವನನ್ನು ಕೊನೆಯವರೆಗೂ ಜೊತೆಯಲ್ಲೇ ಇಟ್ಟುಕೊಂಡರು.

ಆ ಸಂಜೆ ಮನೆಯಲ್ಲಿ ತಮ್ಮ ಮಗಳನ್ನು ಕರೆದು, ಹೊಸ ಮೇಜಿನ ಮುಂದಿನ ಕುರ್ಚಿಯಲ್ಲಿ ಕೂರಿಸಿ, ಅತ್ತೆ ಹತ್ತಿರ ಇದ್ದು ಓದ್ತೀಯಾ ಅಂತ ಮೆತ್ತಗೇ ಕೇಳಿದ. ಅವಳು ಅದೇ ವಾಕ್ಯ ಹೇಳಿದಳು. ತಮ್ಮ ನನ್ನ ಕಡೆ ತಿರುಗಿ, ನೋಡಿದೆಯಾ ಅಕ್ಕ, ಒಪ್ಪಿಕೊಂಡಳು ಎಂದ. ಅವನ ಮುಖದಲ್ಲಿ ಭಾರ ಇಳಿದ ಹಾಗಿತ್ತು. ಪ್ರಪಂಚದಲ್ಲಿ ಆ ಉತ್ತರದ ಬೆಲೆ ಗೊತ್ತಿದ್ದವಳು ನಾನೊಬ್ಬಳು. ನಾನು ಹೇಳಬೇಕಿತ್ತು. ಹೇಳಲಿಲ್ಲ. ಸೀಟು ಈಗಲೇ ಹಿಡೀಬೇಕು, ಜೂನಿನ ತನಕ ಕೂತರೆ ಸಿಗಲ್ಲ ಅಂದೆ.

ಯಾಕೆ ಹೇಳಲಿಲ್ಲ ಅಂದರೆ, ನನಗೆ ಅವಳು ಬೇಕಿತ್ತು. ಇದರಲ್ಲಿ ಮುಚ್ಚಿಡುವುದೇನಿದೆ. ಶಾಲೆಯಿಂದ ಬಂದರೆ ನಾನು, ಅಮ್ಮ, ಟೀವಿ. ಅವಳು ಬಂದ ಮೇಲೆ ಬಾಗಿಲ ಮುಂದೆ ಇನ್ನೊಂದು ಜೊತೆ ಚಪ್ಪಲಿ, ಬಚ್ಚಲಲ್ಲಿ ಹಾಡು. ಕಳವಾರದ ಕಡೆ ಬೆಟ್ಟ ಹತ್ತೋಕೆ ಬೆಂಗಳೂರಿನವರು ಬೆಳಗಾಗುವ ಮುಂಚೆಯೇ ಯಾಕೆ ಬರ್ತಾರೆ, ಅತ್ತೆ? ರೇಷ್ಮೆಗೂಡಿನೊಳಗಿನ ಹುಳಕ್ಕೆ ನೋವಾಗಲ್ವಾ, ಅತ್ತೆ? ದಿನವೆಲ್ಲ ಪ್ರಶ್ನೆ. ನಾನು ಚಿಕ್ಕವಳಿದ್ದಾಗ ಬರೀ ಉತ್ತರ ಹೇಳುತ್ತಿದ್ದೆ. ಪ್ರಶ್ನೆ ಕೇಳುವ ಮಗು ಮನೆಯಲ್ಲಿದ್ದರೆ ಹೇಗಿರುತ್ತದೆ ಅಂತ ನನಗೆ ನಲವತ್ತರ ಹತ್ತಿರ ಗೊತ್ತಾಯಿತು.

ಆದರೆ ಕಣ್ಣಿದ್ದವಳಿಗೆ ಕಾಣದೇ ಇರುತ್ತದೆಯೇ. ಅವಳ ಕೈಗಡಿಯಾರ ಮೂರೂವರೆ ಗಂಟೆ ಹಿಂದಿತ್ತು. ಬಂದು ತಿಂಗಳಾದರೂ ಅದನ್ನು ಮಲಾವಿಯ ಸಮಯದಲ್ಲೇ ಇಟ್ಟುಕೊಂಡಿದ್ದಳು. ನಾವು ಸಂಜೆ ಕಾಫಿ ಕುಡಿಯುವಾಗ ಅದನ್ನು ನೋಡಿ, ಈಗ ಸ್ಕೂಲು ಬಿಡೋ ಟೈಮು ಅನ್ನುತ್ತಿದ್ದಳು. ಗಡಿಯಾರ ಸರಿಮಾಡಿಕೊಡಲಾ ಅಂತ ಒಂದು ಸಲ ಕೇಳಿದೆ. ಪರವಾಗಿಲ್ಲ ಅತ್ತೆ, ಲೆಕ್ಕ ಮಾಡ್ಕೋತೀನಿ ಅಂದಳು. ನಾನು ಮತ್ತೆ ಕೇಳಲಿಲ್ಲ.

ಸೋಮವಾರ ಅಡ್ಮಿಷನ್ ಅಂತ ನಿಶ್ಚಯವಾಯಿತು. ಶನಿವಾರ ಬೆಳಿಗ್ಗೆ ತಮ್ಮನೂ ಅವನ ಹೆಂಡತಿಯೂ ಮಂಡಿಕಲ್ಲಿಗೆ ನೆಂಟರನ್ನು ನೋಡಲು ಹೋಗಿದ್ದರು. ಅವರೆಕಾಯಿಯ ಕಾಲ. ಹಿಂದಿನ ರಾತ್ರಿ ನೆನೆಹಾಕಿದ್ದ ಕಾಳು ಮುಂದಿಟ್ಟುಕೊಂಡು ಅಮ್ಮ, ನಾನು, ಹುಡುಗಿ ಮೂವರೂ ಸಿಪ್ಪೆಯಿಂದ ಕಾಳು ಹಿತುಕುತ್ತಾ ಕೂತಿದ್ದೆವು. ಹುಡುಗಿಗೆ ಆಟ, ಕಾಳು ಚಿಮ್ಮಿ ಗೋಡೆಗೆ ಬೀಳುತ್ತಿತ್ತು. ನಾನು ಅಡ್ಮಿಷನ್ ಫಾರಂ ತಂದು ಮೇಜಿನ ಮೇಲಿಟ್ಟಿದ್ದೆ. ಫಾರಮ್ಮಿನಲ್ಲಿ ಸ್ವಂತ ಊರು ಅಂತ ಕೇಳ್ತಾರೆ, ಏನು ಬರೀಲಿ ಅಂತ ಅವಳನ್ನು ಕೇಳಿದೆ, ಮಾತಿಗೆ.

ಅವಳು ಅವರೆಕಾಳು ಹಿತುಕುತ್ತಲೇ, ತಲೆ ಎತ್ತದೆ, ಕರ್ತರು ಎಲ್ಲಿ ಇಡ್ತಾರೋ ಅಂತ ಶುರುಮಾಡಿದಳು.

ಅಮ್ಮ ಕೈ ಚಾಚಿ ಅವಳ ಒದ್ದೆ ಬೆರಳುಗಳನ್ನು ಹಿಡಿದರು.

"ಅದು ಬೇಡಮ್ಮ. ಅದು ನಾನು ಮಾಡಿದ್ ಮಾತು, ಸಭೇಲಿ ಹೇಳಕ್ಕೆ. ಇದು ಮನೆ. ನಿಂಗೇನ್ ಬೇಕು, ಅದನ್ನ ಹೇಳು."

ಹುಡುಗಿ ನನ್ನನ್ನು ನೋಡಿದಳು. ಆಮೇಲೆ ಮೇಜನ್ನು ನೋಡಿದಳು. ಅತ್ತೆಗೆ ಬೇಜಾರಾಗುತ್ತೆ ಅಂತ ಮೆಲ್ಲಗೆ ಅಂದಳು. ಹದಿಮೂರರಲ್ಲಿ ನಾನು ಯಾರಿಗೆ ಬೇಜಾರಾಗುತ್ತೆ ಅಂತ ಹೆದರಿದ್ದೆನೋ, ಅವರು ಇಲ್ಲೇ ಎದುರಿಗೆ ಅವಳ ಕೈ ಹಿಡಿದು ಕೂತಿದ್ದರು. ಈಗ ಆ ಜಾಗದಲ್ಲಿ ನಾನಿದ್ದೆ. ಬೇಜಾರಾದ್ರೆ ಆಗ್ಲಿ, ನಂಗೆ ಅಭ್ಯಾಸ ಇದೆ, ನೀನು ಹೇಳು ಅಂದೆ. ನನ್ನ ದನಿ ನನಗೇ ಒರಟಾಗಿ ಕೇಳಿಸಿತು.

"ನಂಗೆ ಹೋಗ್ಬೇಕು" ಎಂದಳು. "ಅಪ್ಪ ಅಮ್ಮನ ಜೊತೆ. ನಂಗೆ ಇಲ್ಲಿ ಇರಕ್ಕಾಗಲ್ಲ ಅತ್ತೆ."

ಅಳಲಿಲ್ಲ. ಹೇಳಿ ಮುಗಿಸಿ, ಎದ್ದು, ಕೈ ತೊಳೆದುಕೊಂಡು ಬರ್ತೀನಿ ಅಂತ ಹಿತ್ತಲಿಗೆ ಹೋದಳು. ಸ್ವಲ್ಪ ಹೊತ್ತಿಗೆ ನಲ್ಲಿಯ ಸದ್ದಿನ ಜೊತೆ ಹಾಡೂ ಕೇಳಿಸಿತು. ಫಾರಂ ತೆಗೆದು ನಾಲ್ಕಾಗಿ ಮಡಿಚಿ ಡ್ರಾಯರಿನಲ್ಲಿ ಹಾಕಿ, ತಮ್ಮನಿಗೆ ಫೋನು ಮಾಡಿದೆ. ಸೋಮವಾರ ಅಡ್ಮಿಷನ್ ಬೇಡ, ಮಗಳನ್ನು ಕರಕೊಂಡು ಹೋಗು, ಬೇರೇನೂ ಕೇಳಬೇಡ ಅಂದೆ. ಅವನು ಕೇಳಿದ. ಮನೆಗೆ ಬಾ, ಅಮ್ಮ ಹೇಳ್ತಾರೆ ಅಂದೆ.

ವಾಪಸು ಬಂದು ಅಮ್ಮನ ಎದುರಿಗೆ ಕೂತೆ. ಪಾತ್ರೆಯಲ್ಲಿ ಇನ್ನೂ ಅರ್ಧ ಕಾಳಿತ್ತು. ಇಬ್ಬರೂ ಹಿತುಕಿದೆವು. ಅಮ್ಮನಿಗೆ ಈಗ ಬೆರಳುಗಳಲ್ಲಿ ಅಷ್ಟು ಶಕ್ತಿ ಇಲ್ಲ, ಒಂದೊಂದು ಕಾಳಿಗೂ ಎರಡೆರಡು ಸಲ ಒತ್ತಬೇಕು.

"ಆವತ್ತು ಚಿಂತಾಮಣೀಲಿ" ಎಂದರು, ನನ್ನನ್ನು ನೋಡದೆ. "ನಿನ್ನನ್ನ ಇನ್ನೊಂದ್ ಸಲ ಕೇಳಿದ್ರೆ ಏನಂತಿದ್ದೆ?"

ಇಪ್ಪತ್ತಾರು ವರ್ಷ ಆ ಮಾತನ್ನು ಎಷ್ಟು ಥರ ಹೇಳಿ ನೋಡಿಕೊಂಡಿದ್ದೆ. ಬಸ್ಸಿನಲ್ಲಿ ಹೇಳಿಕೊಂಡಿದ್ದೆ, ಅಳುತ್ತಾ ಹೇಳಿಕೊಂಡಿದ್ದೆ, ಎಲ್ಲರೆದುರಿಗೆ ಕೂಗಿ ಹೇಳಿದ ಹಾಗೆ ಅಂದುಕೊಂಡಿದ್ದೆ. ಈಗ ಸುಮ್ಮನೆ, ಕರಕೊಂಡು ಹೋಗು ಅಂತಿದ್ದೆ ಅಮ್ಮ, ಅಂದೆ.

"ಗೊತ್ತಿತ್ತು ಕಣೇ" ಎಂದರು ಅಮ್ಮ. "ಗೊತ್ತಿದ್ದಕ್ಕೇ ಕೇಳ್ಳಿಲ್ಲ."

ಕೋಪ ಬರಲಿ ಅಂತ ಕಾದೆ. ಅಷ್ಟು ವರ್ಷ ಜೋಪಾನ ಮಾಡಿದ ಕೋಪ, ಅದಕ್ಕೆ ಇದಕ್ಕಿಂತ ಒಳ್ಳೆಯ ಹೊತ್ತು ಸಿಗುತ್ತಿರಲಿಲ್ಲ. ಬರಲಿಲ್ಲ. ಆ ಹುಡುಗಿಯ ಗಡಿಯಾರ ನಾನೂ ನೋಡಿದ್ದೆ. ನನಗೂ ಗೊತ್ತಿತ್ತು, ನಾನೂ ಕೇಳಿರಲಿಲ್ಲ. ಅಮ್ಮನ ಮುಂದಿದ್ದ ಕಾಳನ್ನೂ ನನ್ನ ಕಡೆ ಎಳೆದುಕೊಂಡೆ, ನೀನು ಬೆನ್ನು ನೇರ ಮಾಡ್ಕೋ ಹೋಗು, ಉಳಿದದ್ದು ನಾನು ಹಿತುಕುತೀನಿ ಅಂದೆ. ಅವರು ಹೋಗಲಿಲ್ಲ, ಅಲ್ಲೇ ಕೂತರು.